ಹನ್ನೊಂದು ನಂಬರಿನ ಪೂಜಾರಿ

ಆಗ ನನಗೆ ಅರವತ್ತೊಂದು. ಅದಾಗಿ ಈಗ ಆರು ವರ್ಷ.

ಮೊನ್ನೆ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ಹುನಗುಂದದ ಬಸ್ಸು ಹತ್ತಿ ಕೂತಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಸೀರೆ ಮೊಣಕಾಲಿಗೆ ಏರಿಸಿ, ಚೀಲದಿಂದ ಡಬ್ಬಿ ತೆಗೆದು, ನೋವಿನ ಮುಲಾಮು ತಿಕ್ಕತೊಡಗಿದಳು. ಮೂಗಿಗೆ ಹೊಡೆಯುವ ವಾಸನೆ, ಕಣ್ಣಲ್ಲಿ ನೀರು ಬರಿಸುವಂಥದು. ಕಿಟಕಿ ತೆಗಿ ಅಂದೆ. "ನಿಮಗೇನ್ ಗೊತ್ರಿ ಮೊಣಕಾಲ ನೋವು" ಅಂದಳು. ಮೊಣಕಾಲಿಗೆ ಮುಲಾಮು ತಿಕ್ಕುವುದು ನನಗೆ ಗೊತ್ತಿದ್ದಷ್ಟು ಈ ತಾಲ್ಲೂಕಿನಲ್ಲಿ ಇನ್ನೊಬ್ಬಳಿಗೆ ಗೊತ್ತಿರಲಾರದು. ಒಂದು ಬೇಸಿಗೆಯಲ್ಲಿ ಒಂದು ಹುಡುಗಿಯ ಮೊಣಕಾಲಿಗೆ ದಿನಾ ಸಂಜೆ ತಿಕ್ಕಿದ್ದೇನೆ. ಆ ಮೊಣಕಾಲಿಗೆ ಏನೂ ಆಗಿರಲಿಲ್ಲ.

ಬಾಗಲಕೋಟೆಯ ನವನಗರದಲ್ಲಿ ಆಟದ ಹುಡುಗಿಯರ ಒಂದು ಹಾಸ್ಟೆಲ್ ಇತ್ತು. ನಾನು ಅಲ್ಲಿ ಅಡುಗೆಯವಳು. ನನ್ನ ಗಂಡ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದ. ಧೂಳು ಎದೆಗೆ ಕೂತು ಸತ್ತ. ಮಕ್ಕಳಾಗಿರಲಿಲ್ಲ. ಅದರ ಮಾತು ಇಷ್ಟೇ. ಯಾರೋ ಹೇಳಿದರು ಅಂತ ಬಾಗಲಕೋಟೆಗೆ ಹೋದೆ, ಹದಿನಾರು ವರ್ಷ ರೊಟ್ಟಿ ಬಡಿದೆ. ಮೂವತ್ತು ಹುಡುಗಿಯರು, ಎಲ್ಲರೂ ಬಾಸ್ಕೆಟ್‌ಬಾಲ್ ಆಡುವವರು, ಎಲ್ಲರೂ ಹಸಿದವರು. ನನ್ನನ್ನು ಆಯಿ ಅನ್ನುತ್ತಿದ್ದರು. ಮೂರು ನಾಲ್ಕು ವರ್ಷ ಉಂಡು, ಹೋಗುವಾಗ ಕಾಲಿಗೆ ಬಿದ್ದು, ಆಮೇಲೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಅದು ಅವರ ತಪ್ಪಲ್ಲ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಎದ್ದವರು ಕಟ್ಟೆಗೆ ಪತ್ರ ಬರೆಯುವುದಿಲ್ಲ.

ನನಗೆ ಓದು ಬರಹ ಅಷ್ಟಕ್ಕಷ್ಟೆ. ಇಂಗ್ಲಿಷ್ ಅಂತೂ ಇಲ್ಲ. ಆದರೆ ಹುಡುಗಿಯರ ಆಟದ ಅಂಗಿಗಳನ್ನು ಹಗ್ಗಕ್ಕೆ ಹಾಕಿ ಹಾಕಿ, ಬೆನ್ನ ಮೇಲಿನ ಹೆಸರುಗಳ ಆಕಾರ ಗುರುತು ಸಿಕ್ಕಿತ್ತು. ಎರಡು ಅಂಗಿಗೆ ಒಂದೇ ಆಕಾರ. ಪೂಜಾರಿ. ಒಂದರ ಮೇಲೆ ಏಳು, ಇನ್ನೊಂದರ ಮೇಲೆ ಹನ್ನೊಂದು. ಏಳು ಮಾಳವ್ವನದು. ಹುನಗುಂದದ ಆಚೆಗಿನ ಸಣ್ಣ ಊರು, ಬೀರಪ್ಪನ ಒಕ್ಕಲು, ಅಪ್ಪ ಕುರಿ ಕಾಯುವವನು. ಹನ್ನೊಂದು ಸುಜಾತಳದು. ಚೊಳಚಗುಡ್ಡದವಳು, ಅಪ್ಪ ಇಲ್ಲ, ಅವ್ವ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಬಂದವರಿಗೆ ರೊಟ್ಟಿ ಮೊಸರು ಮಾರುತ್ತಾಳೆ. ಜಾತಿ ಬೇರೆ, ದೇವರು ಬೇರೆ, ಹೆಸರು ಮಾತ್ರ ಒಂದು. ಎತ್ತರವೂ ಒಂದೇ, ಇಬ್ಬರೂ ನನ್ನ ಅಡುಗೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಿದ್ದರು. ಇಬ್ಬರಿಗೂ ಒಂದೊಂದು ಉದ್ದ ಜಡೆ. ಆಟದಲ್ಲಿ ಇಬ್ಬರದೂ ಒಂದೇ ಜಾಗ, ಬದಿಯಿಂದ ಓಡಿ ಬಂದು ಚೆಂಡು ಹಾಕುವುದು. ಕೋಣೆಯೂ ಒಂದೇ. ಜಗಳ ಆಡಿದ್ದು ನಾನು ನೋಡಲಿಲ್ಲ, ತಬ್ಬಿಕೊಂಡದ್ದೂ ನೋಡಲಿಲ್ಲ.

ಆ ವರ್ಷ ದೇಶದ ಹೆಣ್ಣುಮಕ್ಕಳ ತಂಡ ಆರಿಸುವ ಶಿಬಿರಕ್ಕೆ ಇಬ್ಬರಿಗೂ ಕರೆ ಬಂತು. ಹೋದರು. ಅವರ ಹಿಂದೆಯೇ ಬೇಸಿಗೆ ರಜೆ, ಹಾಸ್ಟೆಲ್ ಖಾಲಿ. ನನಗೆ ಹೋಗಲು ಊರಿರಲಿಲ್ಲ, ಇಳಕಲ್ಲಿನ ಬಾಡಿಗೆ ಮನೆ ಗಂಡ ಸತ್ತಾಗಲೇ ಬಿಟ್ಟಿದ್ದೆ. ರಜೆಯಲ್ಲಿ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು. ಒಬ್ಬಳಿಗೆ ಅಡುಗೆ ಮಾಡುವುದು ಕೆಟ್ಟ ಕೆಲಸ. ಮೂವತ್ತು ಜನರ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ತಳಕ್ಕೆ ಅಂಟಿಕೊಂಡು ಕೂಡುತ್ತದೆ. ಹಗಲು ಆಟದ ಅಂಗಳದ ಸಿಮೆಂಟು ಸುಡುತ್ತಿತ್ತು. ಮಧ್ಯಾಹ್ನದ ಮೇಲೆ ಡ್ಯಾಮಿನ ಹಿನ್ನೀರಿನ ಕಡೆಯಿಂದ ಗಾಳಿ ಎದ್ದು, ಧೂಳು ತಂದು ಒಳಗೆ ಸುರಿದು ಹೋಗುತ್ತಿತ್ತು. ದಿನಕ್ಕೆ ಎರಡು ಸಲ ಕಸ ಹೊಡೆಯುತ್ತಿದ್ದೆ. ಮಾತಾಡಲು ಯಾರೂ ಇಲ್ಲದವರು ಪಾತ್ರೆಗಳ ಜೊತೆ ಮಾತಾಡುತ್ತಾರೆ ಅನ್ನುತ್ತಾರೆ. ನಾನು ಮಾತಾಡಲಿಲ್ಲ, ಬೈಯುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಗೇಟಿನ ಹತ್ತಿರ ಚೀಲ ಇಳಿಸಿದ ಸದ್ದಾಯಿತು. ಮಾಳವ್ವ. ಬಸ್‌ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದಿದ್ದಳು, ಮುಖ ಕೆಂಪಗೆ ಉಬ್ಬಿತ್ತು.

"ಯಾಕ ಬಂದಿ?" ಅಂದೆ.

"ಕಳಿಸಿದ್ರು."

"ಸುಜಾತಾ?"

"ಆಕೀನ್ನ ತಗೊಂಡ್ರು."

"ನಿನಗೇನಾಗಿತ್ತು?"

ಮೆಟ್ಟಿಲ ಮೇಲೆ ಕೂತು ಬಲಗಾಲು ಚಾಚಿದಳು. "ಮೊಣಕಾಲ ಆಯಿ. ಬಾವು ಬಂತು. ಹನ್ನೆರಡು ಮಂದ್ಯಾಗ ನನ್ನ ಹೆಸರಿತ್ತು, ಮೊಣಕಾಲ ನೋಡಿ ತಗದ್ರು."

ನೋಡಿದೆ. ಬಾವು ಕಾಣಲಿಲ್ಲ. ಇಳಿದಿರಬೇಕು ಅಂದುಕೊಂಡೆ.

"ಮನಿಗೆ ಹೋಗೂದು ಬಿಟ್ಟು ಇಲ್ಲಿಗ್ಯಾಕ ಬಂದಿ?"

"ಹೋಗಾಕ ಬರಾಂಗಿಲ್ಲ. ಊರ ಬಸ್‌ಸ್ಟ್ಯಾಂಡಿನ್ಯಾಗ ನನ್ನ ಬ್ಯಾನರ್ ಐತಿ."

ವಿಷಯ ಇಷ್ಟು. ಶಿಬಿರಕ್ಕೆ ಕರೆದದ್ದನ್ನೇ ಊರವರು ತಂಡಕ್ಕೆ ತೆಗೆದುಕೊಂಡರು ಅಂತ ತಿಳಿದಿದ್ದರು. ಬೀರಪ್ಪನ ಗುಡಿಯಲ್ಲಿ ಕೂಡಿಸಿ ಶಾಲು ಹೊಚ್ಚಿ, ಆಳೆತ್ತರದ ಚಿತ್ರ ಬರೆಸಿ ಕಟ್ಟಿದ್ದರು. ಹಾಗಲ್ಲ, ಇನ್ನೂ ಆರಿಸಬೇಕು ಅಂತ ಅವಳು ಹೇಳಲಿಲ್ಲ. ಶಾಲು ಹೆಗಲ ಮೇಲೆ ಬಿದ್ದ ಮೇಲೆ ಯಾರು ಹೇಳುತ್ತಾರೆ. ಶಿಬಿರದಿಂದ ಹೊರಬಿದ್ದ ದಿನ ಅಪ್ಪನಿಗೆ ಫೋನ್ ಮಾಡಿ, ಹೊರದೇಶಕ್ಕೆ ಹೋಗುತ್ತೇನೆ, ಅಲ್ಲಿ ನನ್ನ ಫೋನ್ ಹತ್ತುವುದಿಲ್ಲ ಅಂದು, ರೈಲು ಹತ್ತಿ ಬಾಗಲಕೋಟೆಗೆ ಬಂದಿದ್ದಳು.

ಆವತ್ತೇ ನಾನು ಅವಳನ್ನು ಹುನಗುಂದದ ಬಸ್ಸಿಗೆ ಹತ್ತಿಸಬೇಕಿತ್ತು. ನಾಲ್ಕು ದಿನ ಮುಖ ಸಣ್ಣದಾಗುತ್ತಿತ್ತು, ಐದನೆಯ ದಿನ ಊರಿಗೆ ಬೇರೆ ಮಾತು ಸಿಗುತ್ತಿತ್ತು. ಇದು ನನಗೆ ಆಗಲೂ ಗೊತ್ತಿತ್ತು. ಹಿಟ್ಟು ನಾದಲು ಕೂತೆ. ಇಬ್ಬರಿಗೆ ಆಗುವಷ್ಟು.

ಮೂರನೆಯ ದಿನ ಅವಳಪ್ಪನ ಫೋನು ಬಂತು, ನನಗೆ. ಮಾಯಪ್ಪ ಅಂತ ಅವನ ಹೆಸರು. ಮೊದಲಿನಿಂದಲೂ ಮಗಳ ಫೋನು ಹತ್ತದಾಗ ನನಗೇ ಮಾಡುತ್ತಿದ್ದ. ಹಿಂದೆ ಕುರಿಗಳು ಒದರುತ್ತಿದ್ದವು.

"ಯಕ್ಕಾ, ಮಾಳವ್ವ ಮುಟ್ಟಿದ್ಲೇನ್ರಿ?"

ಮಾಳವ್ವ ಎದುರಿಗೆ ಕೂತು ನನ್ನ ಬಾಯಿ ನೋಡುತ್ತಿದ್ದಳು.

"ಮುಟ್ಯಾಳ," ಅಂದೆ.

"ಆರಾಮ ಅದಾಳ?"

"ಉಂಡು ಕುಂತಾಳ."

"ಅಲ್ಲಿ ರೊಟ್ಟಿ ಸಿಗ್ತಾವೇನ್ರಿ?"

"ಸಿಗ್ತಾವ."

ಮೂರು ಮಾತೂ ಖರೆ. ಎಲ್ಲಿಗೆ ಮುಟ್ಟಿದಳು ಅಂತ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಫೋನ್ ಇಟ್ಟ ಮೇಲೆ ಮಾಳವ್ವ ನಕ್ಕಳು. "ಆಯಿ, ನೀ ವಕೀಲಕಿ ಆಗಬೇಕಿತ್ತು." ನನಗೂ ನಗು ಬಂತು. ಆ ಅಡುಗೆಮನೆಯಲ್ಲಿ ರಜೆಯ ದಿನಗಳಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಸಂಜೆ ಅವಳು ಕಾಲು ಚಾಚುತ್ತಿದ್ದಳು, ನಾನು ಮುಲಾಮು ತಿಕ್ಕುತ್ತಿದ್ದೆ. ತಿಕ್ಕುವಾಗ ಮಾತು. ಶಿಬಿರದಲ್ಲಿ ಏನು ತಿನ್ನಲು ಕೊಟ್ಟರು, ಪಂಜಾಬಿನ ಹುಡುಗಿ ಹೇಗೆ ಗೊರಕೆ ಹೊಡೆಯುತ್ತಿದ್ದಳು, ಅಂಥವು. ಹಾಸ್ಟೆಲ್ ತುಂಬಿದ್ದಾಗ ಅವಳು ನನ್ನೊಂದಿಗೆ ಉಪ್ಪು ಕೊಡು, ಸಾರು ಹಾಕು ಅನ್ನುವುದಕ್ಕಿಂತ ಹೆಚ್ಚು ಮಾತಾಡಿದವಳಲ್ಲ. ಒಂದು ವಾರ ಕಳೆದಿರಬೇಕು, ಒಂದು ಮಧ್ಯಾಹ್ನ ಬೇಸಿಗೆಯ ಅಡ್ಡಮಳೆ ಬಂತು. ಹಗ್ಗದ ಮೇಲೆ ಬಟ್ಟೆ ಇತ್ತು. ಮಾಳವ್ವ ಮೂರು ಮೂರು ಮೆಟ್ಟಿಲು ಹಾರಿ ಮಾಳಿಗೆ ಹತ್ತಿ, ಎಲ್ಲ ಬಾಚಿಕೊಂಡು, ಹಾಗೇ ಹಾರಿ ಇಳಿದಳು. ಆವತ್ತು ಸಂಜೆ ಮತ್ತೆ ಕಾಲು ಚಾಚಿದಳು.

ನಾನು ಡಬ್ಬಿ ತೆಗೆದು ತಿಕ್ಕಿದೆ. ಕೇಳಲಿಲ್ಲ. ಕೇಳಿದರೆ ಮೊಣಕಾಲಿನ ಮಾತು ಮುಗಿಯುತ್ತಿತ್ತು, ಅದು ಮುಗಿದರೆ ಅವಳು ಎದ್ದು ಹೋಗುತ್ತಿದ್ದಳು.

ಪಂದ್ಯಗಳು ಶುರುವಾದವು. ಏಷ್ಯಾ ಖಂಡದ ದೊಡ್ಡ ತಂಡಗಳೆಲ್ಲ ಸೇರಿದ್ದವು, ನಡೆಯುತ್ತಿದ್ದುದು ಪೂರ್ವದ ಕಡೆಯ ಯಾವುದೋ ದೇಶದಲ್ಲಿ. ಅದರ ಹೆಸರು ಆಗಲೂ ನನ್ನ ಬಾಯಲ್ಲಿ ನಿಲ್ಲಲಿಲ್ಲ. ನಮ್ಮಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ಆಟ. ಮಾಳವ್ವ ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ ಕಟ್ಟೆಯ ಮೇಲೆ ಇಟ್ಟಳು. ಅಂಗೈಯಷ್ಟು ಪರದೆ, ಅದರಲ್ಲಿ ಇರುವೆಯಷ್ಟು ಮಂದಿ.

ಮೊದಲ ದಿನದ ಎದುರಾಳಿ ಹುಡುಗಿಯರು ತಾಳೆಮರ ಇದ್ದ ಹಾಗೆ ಇದ್ದರು. ನಮ್ಮವರು ಅವರ ಕಂಕುಳ ಕೆಳಗೆ ಓಡಾಡಿದರು. ಚೆಂಡು ಎಸೆದರೆ ಅವರ ಅಂಗೈಗೆ ಹೋಗಿ ಕೂಡುತ್ತಿತ್ತು. ಅರ್ಧ ಆಟದ ಹೊತ್ತಿಗೇ ಸೋತದ್ದು ನನಗೂ ತಿಳಿಯಿತು. ಸುಜಾತಾ ಸ್ವಲ್ಪ ಹೊತ್ತು ಆಡಿದಳು, ಎರಡು ಸಲ ಚೆಂಡು ಕಳೆದುಕೊಂಡಳು, ಹೊರಗೆ ಕರೆದರು.

"ನೋಡಿದ್ಯಾ ಆಯಿ? ಬರೇ ಬಲಕ್ಕ ಹೋಗ್ತಾಳ. ಎಡಗೈ ಅಂಬೂದ ಇಲ್ಲ ಆಕಿಗೆ. ನಾ ಇದ್ದಿದ್ರ..."

ಆವತ್ತು ಮೂರು ರೊಟ್ಟಿ ತಿಂದಳು.

ಎರಡನೆಯ ಆಟ ಅದರ ಮರುದಿನ. ಮೊದಮೊದಲು ನಮ್ಮವರು ಸರಿಸಮ ಇದ್ದರು. ಆಮೇಲೆ ದಮ್ಮು ಹೋಯಿತು. ಕಾಲು ಎತ್ತಲಾಗದೆ ನಿಂತಲ್ಲೇ ಕೈ ಚಾಚುತ್ತಿದ್ದರು. ತರಬೇತಿ ಕೊಡುವವನು ಗೆರೆಯ ಹೊರಗೆ ನಿಂತು ಒದರುತ್ತಿದ್ದ. ಸುಜಾತಾ ಒಂದು ಸಲ ಇಡೀ ಅಂಗಳ ಓಡಿ ಚೆಂಡು ಹಾಕಿದಳು, ಅಷ್ಟೇ. ಸೋತರು. ಮಾಳವ್ವ ನಾಲ್ಕು ರೊಟ್ಟಿ ತಿಂದು, ಶೇಂಗಾ ಹಿಂಡಿ ಇನ್ನೊಂದು ಚಮಚ ಹಾಕು ಅಂದಳು.

"ನಿನ್ನ ಹೊಟ್ಟಿ ತುಂಬಬೇಕಂದ್ರ ದೇಶ ಸೋಲಬೇಕೇನ?" ಅಂದೆ.

"ನಾ ಏನ್ ಸೋಲಿಸೀನೇನು?"

"ಸೋಲಿಸಿಲ್ಲ. ಉಣ್ಣಾಕತ್ತಿ, ನೋಡಾಕತ್ತೀನಿ."

ತಟ್ಟೆ ಸರಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಹತ್ತಿರ ಎಳೆದುಕೊಂಡಳು.

ಸಂಜೆ ಮಾಯಪ್ಪನ ಫೋನು. ನನ್ನದು ಹಳೆಯ ಫೋನು, ಕಿವಿಗೆ ಹಿಡಿದರೂ ಆ ಕಡೆಯ ಮಾತು ಕೋಣೆಗೆಲ್ಲ ಕೇಳುತ್ತಿತ್ತು.

"ಯಕ್ಕಾ, ನೋಡಿದ್ರೇನ್ರಿ? ನಾವು ಊರೆಲ್ಲ ಚಾದಂಗಡ್ಯಾಗ ಕುಂತ ನೋಡಿದ್ವಿ. ಬೆನ್ನ ಮ್ಯಾಲ ಪೂಜಾರಿ ಅಂತ ಬರದಾರಂತ, ಹುಡುಗ್ರು ಓದಿ ಹೇಳಿದ್ರು. ನಂಬರ್ ಹನ್ನೊಂದು. ಇಲ್ಲಿ ಏಳಿತ್ತು, ಅಲ್ಲಿ ಬ್ಯಾರೆ ಕೊಟ್ಟಾರ ನೋಡ್ರಿ."

ದನಿ ಹೊರಗೆ ಕೇಳದಿರಲಿ ಅಂತ ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಸೋತ್ರ ಸೋತ್ರು ಬಿಡ್ರಿ. ಒಮ್ಮಿ ಆ ಕಡಿಂದ ಈ ಕಡಿಗೆ ಓಡಿದ್ಲಲ್ಲ, ಅದನ್ನ ನೋಡಿದ್ರಿ? ತೋಳ ಬಂದಾಗ ಹಿಂಗ ಓಡ್ತಿದ್ಲು ಸಣ್ಣಾಕಿ ಇದ್ದಾಗ. ಮಾರಿ ಕಾಣಲಿಲ್ಲ ನೆಟ್ಟಗ. ಬ್ಯಾಡ, ಓಡೂದು ನೋಡಿದ್ರ ಸಾಕು, ನನ್ನ ಮಗಳ ಓಟ ನನಗ ಗೊತ್ತಾಗೂದಿಲ್ಲೇನು?"

ಇನ್ನೂ ಏನೇನೋ ಹೇಳಿದ. ನಾನು ಮಾಳವ್ವನ ಕಡೆ ನೋಡಲಿಲ್ಲ. ಫೋನ್ ಇಟ್ಟು ನೋಡಿದಾಗ ಅವಳು ಅಲ್ಲಿರಲಿಲ್ಲ. ಅಂಗಳದಲ್ಲಿ ಬುಟ್ಟಿಯ ಕಂಬದ ಕೆಳಗೆ, ಇನ್ನೂ ಬಿಸಿ ಆರದ ಸಿಮೆಂಟಿನ ಮೇಲೆ ಕೂತಿದ್ದಳು. ಆವತ್ತು ಉಣ್ಣಲಿಲ್ಲ. ಮುಲಾಮಿಗೂ ಬರಲಿಲ್ಲ. ನಾನು ಕರೆಯಲಿಲ್ಲ. ಏನಂತ ಕರೆಯಲಿ? ಮಾಡಿದ ರೊಟ್ಟಿ ಅರಿವೆಯಲ್ಲಿ ಸುತ್ತಿಟ್ಟೆ.

ಕಡೆಯ ಆಟಕ್ಕೆ ನಡುವೆ ಒಂದು ದಿನ ಬಿಡುವಿತ್ತು. ಅದರಲ್ಲಿ ಸೋತರೆ ನಮ್ಮ ತಂಡ ಕೆಳಗಿನ ಗುಂಪಿಗೆ ಇಳಿಯುತ್ತದೆ, ಮತ್ತೆ ಮೇಲೇರಲು ವರ್ಷಗಟ್ಟಲೆ ಬೇಕು ಅಂತ ಮಾಳವ್ವ ಹೇಳಿದಳು. ನಾಪಾಸಾದರೆ ಸಣ್ಣವರ ಜೊತೆ ಕೂಡಿಸುತ್ತಾರಲ್ಲ, ಹಾಗೆ.

"ಗೆದ್ರ?" ಅಂದೆ.

"ಗೆದ್ರ ನಮ್ಮಪ್ಪ ಡೊಳ್ಳು ತಗೊಂಡ ಬರ್ತಾನ ನನ್ನ ಕರಕೊಂಡ ಹೋಗಾಕ."

ಅವಳ ಮುಖ ನೋಡಿದೆ. ಚೇಷ್ಟೆಯ ಮಾತಾಗಿರಲಿಲ್ಲ. ತಂಡ ಸೋತರೆ ಊರಿನವರು ಪಾಪ ಅಂದು ಮರೆಯುತ್ತಾರೆ, ಇವಳು ಒಂದು ದಿನ ಸುಮ್ಮನೆ ಬಸ್ಸಿಳಿದು ಮನೆ ಸೇರಬಹುದು. ಗೆದ್ದರೆ ಸುಳ್ಳು ಹೊರಗೆ ಬೀಳುತ್ತದೆ. ಇಷ್ಟು ಲೆಕ್ಕ ನನಗೂ ಆಗುತ್ತಿತ್ತು.

ಆ ದಿನ ಅವಳು ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ. ಫೋನನ್ನು ಉಪ್ಪಿನ ಡಬ್ಬಿಗೆ ಆನಿಸಿ, ಎರಡು ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಎದುರಾಳಿಗಳು ಈ ಸಲ ನಮ್ಮಷ್ಟೇ ಎತ್ತರ. ನಮ್ಮವರು ಮುಂದೆ ಹೋದರು, ಅವರು ಹಿಡಿದರು. ಮತ್ತೆ ಮುಂದೆ ಹೋದರು, ಮತ್ತೆ ಹಿಡಿದರು. ಸುಜಾತಳನ್ನು ಈ ಸಲ ಹೊರಗೆ ಕರೆಯಲಿಲ್ಲ. ನಡುವೆ ಬಿದ್ದು ಮೊಣಕೈ ಒಡೆದುಕೊಂಡಳು, ಪಟ್ಟಿ ಸುತ್ತಿಸಿಕೊಂಡು ಬಂದಳು. ಮಾಳವ್ವ ಸುಮ್ಮನೆ ನೋಡುತ್ತಿದ್ದಳು. ಎಲ್ಲಿಯವರೆಗೆ ಅಂದರೆ, ಕಡೆಯ ನಿಮಿಷದ ತನಕ. ಎರಡೂ ಕಡೆಯ ಅಂಕ ಸಮ ಇದ್ದವು. ಎದುರಿನವಳ ಕೈಯಿಂದ ಚೆಂಡು ಜಾರಿತು, ಸುಜಾತಾ ಕಿತ್ತುಕೊಂಡು ಓಡಿದಳು. ಒಬ್ಬಳು ಬಲಕ್ಕೆ ಬಂದು ಅಡ್ಡ ನಿಂತಳು.

"ಎಡಕ್ಕ," ಅಂತ ಮಾಳವ್ವ ಎದ್ದು ನಿಂತಳು. "ಎಡಕ್ಕ ಹೋಗ ಸುಜಿ. ಎಡಗೈಲೇ ಹಾಕ. ಹಾಕ. ಹಾಕ."

ಅವಳು ಎಡಕ್ಕೆ ಹೋದಳು. ಎಡಗೈಯಲ್ಲೇ ಹಾಕಿದಳು.

ಪರದೆಯ ಮೇಲೆ ಇರುವೆಗಳೆಲ್ಲ ಒಂದರ ಮೇಲೊಂದು ಬಿದ್ದವು. ಮಾಳವ್ವನ ಅಂಗೈ ಕಟ್ಟೆಗೆ ಬಡಿದು ಉಪ್ಪಿನ ಡಬ್ಬಿ ಉರುಳಿತು. ಉಪ್ಪು ಬಾಚುತ್ತ ಬಾಚುತ್ತ ಅವಳು ಅಂದಳು, "ಕ್ಯಾಂಪಿನ್ಯಾಗ ನಾವೆಲ್ಲ ಮಲಗಿದಾಗ ಈಕಿ ಒಬ್ಬಾಕೀನ ಎಡಗೈಲೇ ಹಾಕ್ತಿದ್ಲು. ಒಂದೂ ಬೀಳ್ತಿರಲಿಲ್ಲ. ನಾ ನಕ್ಕಿದ್ದೆ." ಇನ್ನೊಂದು ಹಿಡಿ ಬಾಚಿದಳು. "ಮೊಣಕಾಲ ನೆಟ್ಟಗೈತಿ ಆಯಿ. ಬಾವು ಗೀವು ಏನೂ ಇರಲಿಲ್ಲ. ಆಕಿ ನನಗಿಂತ ಚಲೋ ಆಡಿದ್ಲು."

"ಗೊತ್ತೈತಿ," ಅಂದೆ.

"ಯಾವಾಗಿಂದ?"

"ಮಳಿ ಬಂದ ದಿನದಿಂದ."

"ಮತ್ತ ದಿನಾ ತಿಕ್ಕಿದಿ?"

ಉರುಳಿದ ಡಬ್ಬಿ ಎತ್ತಿ ಅವಳ ಮುಂದೆ ಹಿಡಿದೆ.

ಅವಳು ಎದ್ದು ಮೂಗು ಒರೆಸಿಕೊಂಡು, "ನಾಳಿ ಮುಂಜಾನೆ ಊರಿಗೆ ಹೋಗ್ತೇನಿ. ಅಪ್ಪ ಇಲ್ಲಿಗೆ ಬರೂದರೊಳಗ ನಾನ ಹೋಗಿ ಹೇಳಿಬಿಡ್ತೇನಿ," ಅಂದಳು. ಒಳ್ಳೆಯ ಮಾತು. ಆಗ ನಾನು ಏನು ಮಾಡಿದೆ ಅಂದರೆ, "ನಾಳಿ ಬ್ಯಾಡ, ನಾಡದ ಹೋಗು. ನಾಳಿ ಹೋಳಿಗಿ ಮಾಡ್ತೇನಿ, ಉಂಡು ಹೋಗೀಯಂತ," ಅಂದೆ. ಹೋಳಿಗೆ ಮಾಡುವ ಹಬ್ಬ ಯಾವುದೂ ಇರಲಿಲ್ಲ. ಅವಳು ಹೂಂ ಅಂದಳು. ಮರುದಿನ ಕಡಲೆಬೇಳೆ ಬೇಯಿಸಿ, ಬೆಲ್ಲ ಹಾಕಿ ರುಬ್ಬಿ ಹೋಳಿಗೆ ಮಾಡಿದೆ. ಎರಡು ತಿಂದಳು. ಆ ದಿನವಿಡೀ ನಾನು ಫೋನ್ ಆರಿಸಿ ಇಟ್ಟಿದ್ದೆ.

ಅದರ ಮರುದಿನ ಬೆಳಿಗ್ಗೆ ಅವಳು ಚೀಲ ಕಟ್ಟಿಕೊಂಡು ಒಂಬತ್ತರ ಬಸ್ಸಿಗೆ ತಯಾರಾಗಿದ್ದಳು. ಎಂಟಕ್ಕೇ ಗೇಟಿನ ಹೊರಗೆ ಡೊಳ್ಳಿನ ಒಂದು ಪೆಟ್ಟು ಬಿತ್ತು.

ನಾಲ್ಕು ಮಂದಿ ಬಂದಿದ್ದರು. ಮುಂದೆ ಮಾಯಪ್ಪ, ಹೆಗಲ ಮೇಲೆ ಹೊಸ ಕಂಬಳಿ. ಹಿಂದೆ ಊರಿನ ಇಬ್ಬರು ಹಿರಿಯರು, ಡೊಳ್ಳಿನವನು. ಮಾಳವ್ವ ಬಾಗಿಲ ಹಿಂದೆ ಸರಿದಳು. ನಾನು ಗೇಟು ತೆಗೆದೆ. "ತಂಡದವರು ಇವತ್ತ ಬರ್ತಾರಂತ ಹುಡುಗ್ರು ಹೇಳಿದ್ರು. ಫೋನ್ ಹತ್ತಲಿಲ್ಲ ನಿಮ್ದು," ಅಂದ ಮಾಯಪ್ಪ. ಸೊಂಟದ ಚೀಲದಿಂದ ಒಂದು ಹಿಡಿ ಅರಿಶಿನದ ಪುಡಿ ತೆಗೆದ. ಅವರು ಅದನ್ನು ಭಂಡಾರ ಅನ್ನುತ್ತಾರೆ, ಬೀರಪ್ಪನ ಪ್ರಸಾದ. "ಉಣಿಸಿದ ಕೈಗೆ ಮೊದಲ," ಅಂದು ನನ್ನ ಅಂಗೈಗೆ ಹಾಕಿದ.

ಭಂಡಾರ ಕೈಯಲ್ಲಿದ್ದಾಗ ಅವರ ಮಂದಿ ಸುಳ್ಳು ಹೇಳುವುದಿಲ್ಲ. ನಮ್ಮದು ಬಸವಣ್ಣನ ಮನೆತನ, ವಿಭೂತಿ ಬಲ್ಲವರು, ಆ ಕಟ್ಟು ನನಗಿಲ್ಲ. ಆದರೆ ಅವನಿಗಿತ್ತು. ಇನ್ನು ನಾನು ಏನು ಹೇಳಿದರೂ ಅವನು ನಂಬುತ್ತಿದ್ದ. ಸುಳ್ಳು ಹೇಳಿದರೂ ನಂಬುತ್ತಿದ್ದ. ಅದಕ್ಕೇ ಆಗಲಿಲ್ಲ.

"ಎಷ್ಟೊತ್ತಿಗೆ ಬರ್ತಾಳ್ರಿ ನನ್ನ ಮಗಳು?"

"ಒಳಗ ಅದಾಳ," ಅಂದೆ. "ಆಕಿ ಹೋಗೇ ಇಲ್ಲ. ಆರಿಸಲಿಲ್ಲ ಆಕೀನ್ನ. ಹತ್ತೊಂಬತ್ತು ದಿನದಿಂದ ಇಲ್ಲೇ ಅದಾಳ. ನಿನ್ನೆ ಬಂದು ನಿನಗ ಹೇಳ್ತೇನಿ ಅಂದಿದ್ಲು. ನಾನ ಬಿಡಲಿಲ್ಲ."

ಡೊಳ್ಳಿನವನು ಎತ್ತಿದ ಕೋಲು ಕೆಳಗಿಳಿಸಿದ. ಮಾಳವ್ವ ಚೀಲ ಹಿಡಿದು ಹೊರಗೆ ಬಂದಳು. ಮಾಯಪ್ಪ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಹಂಗಾದ್ರ ಓಡಿದಾಕಿ ಯಾರು?" ಅಂದ.

"ಸುಜಾತಾ. ಚೊಳಚಗುಡ್ಡದಾಕಿ," ಅಂದಳು ಮಾಳವ್ವ.

"ಪೂಜಾರಿ ಅಂತ ಬರದಿತ್ತು."

"ಆಕೀನೂ ಪೂಜಾರೀನ ಅಪ್ಪಾ. ಬ್ಯಾರೆ ಪೂಜಾರಿ."

ಹಿರಿಯರಲ್ಲಿ ಒಬ್ಬ ಕೆಮ್ಮಿದ. ಮಾಯಪ್ಪ ಕಂಬಳಿಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಆಕಿ ಮನ್ಯಾಗ ಯಾರರ ನೋಡಿದ್ರೇನು, ಆಕಿ ಆಡಿದ್ದು?"

"ಅವರವ್ವ ಒಬ್ಬಾಕೀನ ಇರೂದು. ಮಧ್ಯಾಹ್ನ ಗುಡಿ ಮುಂದ ರೊಟ್ಟಿ ಮಾರೂ ಹೊತ್ತು. ಎಲ್ಲಿ ನೋಡ್ತಾಳ."

"ಹಂಗಾದ್ರ ನಮ್ಮ ಊರ ಮಂದಿ ಕೂಗಿದ್ದು ಹಾಳಾಗಲಿಲ್ಲ ಬಿಡು," ಅಂದ. "ಯಾರರ ಒಬ್ರು ಕೂಗಬೇಕಲ್ಲ ಆಕಿ ಸಲುವಾಗಿ."

ಮಾಳವ್ವ ಅಳಲು ಶುರು ಮಾಡಿದಳು. "ಬ್ಯಾನರ್..." ಅಂದಳು.

"ಅದು ಗಾಳಿಗಿ ಹರದು ಎಂಟು ದಿನ ಆತು. ಒಂದ ತುಂಡು ಕುರಿಮರಿ ಹಟ್ಟಿಗೆ ಹೊಚ್ಚೀನಿ. ನಡಿ."

ಅಷ್ಟರ ಮಟ್ಟಿಗೆ ಅವಳದು ಮುಗಿಯಿತು. ನನ್ನದು ಉಳಿದಿತ್ತು. ಅವನು ನನ್ನ ಕಡೆ ತಿರುಗಿದ.

"ಮುಟ್ಯಾಳ ಅಂದಿದ್ರಿ."

"ಅಂದಿದ್ದೆ."

"ಹೊರದೇಶಕ್ಕ ಮುಟ್ಯಾಳ ಅಂತ ನಾ ತಿಳಿದಿದ್ದೆ."

"ಹಂಗ ತಿಳೀಲಿ ಅಂತನ ಅಂದಿದ್ದೆ."

"ಮಗಳು ಕಾಣದ ದೇಶದಾಗ ಒಬ್ಬಾಕೀನ ಅದಾಳಂತ ಆಕಿ ಅವ್ವ ಇಷ್ಟು ದಿನ ನೆಟ್ಟಗ ಉಂಡಿಲ್ರಿ," ಅಂದ. ಸಿಟ್ಟಿನ ದನಿಯಲ್ಲ. ಕುರಿಗೆ ಏನಾಯಿತು ಅಂತ ಇನ್ನೊಬ್ಬ ಕುರಿಯವನಿಗೆ ಹೇಳುವ ದನಿ. ನಾನು ನೀರಿನ ತಂಬಿಗೆ ತಂದು ಮುಂದೆ ಹಿಡಿದೆ. "ಒಲ್ಲೆ," ಅಂದ. ನಾಲ್ವರೂ ಕುಡಿಯಲಿಲ್ಲ. ಆ ಬಿಸಿಲಲ್ಲಿ ಬಂದವರು. ಮಾಳವ್ವ ನನ್ನ ಕಾಲಿಗೆ ಬೀಳಲು ಬಗ್ಗಿದಳು, "ಹೋಗು, ಬಸ್ ತಪ್ಪುತೈತಿ," ಅಂದೆ.

ಜೂನಿನಲ್ಲಿ ಹಾಸ್ಟೆಲ್ ತೆರೆದಾಗ ಅವಳು ಬಂದಳು. ಆ ವರ್ಷವೆಲ್ಲ ಎಡಗೈಯಲ್ಲಿ ಚೆಂಡು ಹಾಕಿದಳು. ದೇಶದ ತಂಡಕ್ಕೆ ಕರೆ ಮತ್ತೆ ಬರಲಿಲ್ಲ. ಎಲ್ಲರಂತೆ ಉಪ್ಪು ಕೊಡು, ಸಾರು ಹಾಕು ಅಂದಳು, ಎಲ್ಲರಂತೆ ಹೋದಳು. ಅವಳಪ್ಪ ನನ್ನ ಫೋನಿಗೆ ಮತ್ತೆಂದೂ ಮಾಡಲಿಲ್ಲ. ನಾನು ಇನ್ನೂ ಎರಡು ವರ್ಷ ಅಲ್ಲಿದ್ದು, ಸೊಂಟ ಹಿಡಿದ ಮೇಲೆ ಬಿಟ್ಟು ಇಳಕಲ್ಲಿಗೆ ಬಂದೆ.

ಅವರು ಹೋದ ದಿನ ನಾನು ಏನೂ ಮಾಡಲಿಲ್ಲ. ಒಲೆ ಹಚ್ಚಲಿಲ್ಲ. ಕೈ ಎರಡು ಸಲ ತೊಳೆದೆ, ಉಗುರಿನ ಸಂದಿಯಲ್ಲಿ ಹಳದಿ ಹಾಗೇ ಇತ್ತು. ಗಾಳಿ ಬಂದು ಧೂಳು ಸುರಿದು ಹೋಯಿತು, ಕಸ ಹೊಡೆಯಲಿಲ್ಲ. ಹತ್ತೊಂಬತ್ತು ದಿನ ಒಬ್ಬಳ ಅವ್ವ ಅರೆಹೊಟ್ಟೆಯಲ್ಲಿ ಇದ್ದಳು, ಇನ್ನೊಬ್ಬಳ ಅವ್ವನಿಗೆ ಮಗಳು ಏನು ಮಾಡಿದಳು ಅಂತಲೇ ತಿಳಿಯದು. ನೋಡಿದವಳು ನಾನು, ಇಲ್ಲಿ ಕೂತು ಹೋಳಿಗೆ ಮಾಡಿದೆ.

ಮರುದಿನ ಬೆಳಿಗ್ಗೆ ಹಾಸ್ಟೆಲ್ಲಿಗೆ ಕೀಲಿ ಹಾಕಿ ಬಾದಾಮಿಯ ಬಸ್ಸು ಹತ್ತಿದೆ. ಅಲ್ಲಿಂದ ಟಂಟಂ ಆಟೊದಲ್ಲಿ ಬನಶಂಕರಿ. ಗುಡಿಯ ಮುಂದಿನ ಹೊಂಡದ ದಂಡೆಯಲ್ಲಿ ಏಳೆಂಟು ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಸುಜಾತಳ ಅವ್ವ ಯಾರು ಅಂತ ಕೇಳಬೇಕಾಗಲಿಲ್ಲ. ಕೂತಲ್ಲೇ ಎಲ್ಲರಿಗಿಂತ ಒಂದು ಗೇಣು ಎತ್ತರ ಇದ್ದಳು.

"ಉಣ್ತೀಯೇನ ಯವ್ವಾ? ಮಸರ ಚಲೋ ಐತಿ."

"ಉಣ್ಣಾಕ ಬಂದಿಲ್ಲ. ನಿನ್ನ ಮಗಳು ಇರೂ ಹಾಸ್ಟೆಲ್ಲಿನ ಅಡಗಿಯಾಕಿ ನಾ."

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ಏನಾತು ಆಕಿಗೆ?"

"ಏನೂ ಆಗಿಲ್ಲ. ಗೆದ್ದಾಳ."

"ಗೆದ್ವಿ ಅಂತ ಫೋನ್ ಮಾಡಿದ್ಲು. ಏನ್ ಗೆದ್ರೋ, ಹೆಂಗ ಗೆದ್ರೋ. ಆಕಿ ಹೇಳಿದ್ದು ನನಗೊಂದೂ ತಿಳೀಲಿಲ್ಲ. ನಾ ಎಲ್ಲಿ ನೋಡ್ಲಿ."

"ನಾ ನೋಡೀನಿ," ಅಂದೆ. "ಮೂರೂ ಆಟ ನೋಡೀನಿ."

ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದು ನಿಂತರು. ಅವಳು ಅವರನ್ನು ಪಕ್ಕದವಳ ಬುಟ್ಟಿಗೆ ಕಳಿಸಿದಳು. ತನ್ನ ಬುಟ್ಟಿಯ ಮೇಲೆ ಅರಿವೆ ಎಳೆದು ಮುಚ್ಚಿ, ನೆರಳಿನಲ್ಲಿ ನನಗೆ ಜಾಗ ಬಿಟ್ಟು, "ಮೊದಲಿಂದ ಹೇಳು," ಅಂದಳು.